ಹೇಳಿಕೊಳ್ಳಲಾಗದ ಬೇನೆ

ಮನೆಮಂದಿಯೆಲ್ಲರೂ ಓದುವ ಪತ್ರಿಕೆಯಲ್ಲಿ ವೃಷಣದ ನೋವನ್ನು ಕುರಿತು ಬರೆಯಬಹುದೇ ಎಂದು ಕೆಲವರು ಹುಬ್ಬೇರಿಸಿಯಾರು. ಬರೆಯಲೇಬೇಕೆಂಬುದು ನಮ್ಮ ಅಭಿಪ್ರಾಯ. ಕಣ್ಣುನೋವು, ಹಲ್ಲುನೋವು, ಮೊಣಕಾಲು ನೋವುಗಳನ್ನು ಹತ್ತು ಜನರ ಮುಂದೆ ಹೇಳಿಕೊಳ್ಳುವ ಪುರುಷನು ಈ ಒಂದು ನೋವನ್ನು ಮಾತ್ರ ಹೆಂಡತಿಗೂ ಹೇಳದೆ, ಮಕ್ಕಳಿಗೂ ತೋರಗೊಡದೆ ವರ್ಷಗಟ್ಟಲೆ ನುಂಗಿಕೊಂಡಿರುತ್ತಾನೆ. ಹೇಳಿದರೆ ನಕ್ಕಾರೆಂಬ ನಾಚಿಕೆ ಒಂದು ಕಡೆ. ತನ್ನ ಪುರುಷತ್ವಕ್ಕೇ ಕುಂದು ಬಂದಿತೇನೋ ಎಂಬ ಅಂಜಿಕೆ ಇನ್ನೊಂದು ಕಡೆ. ಇವೆರಡರ ನಡುವೆ ಸಿಕ್ಕಿಕೊಂಡವನು ಕೊನೆಗೆ ಹೋಗಿ ಸೇರುವುದು, ಊರ ಗೋಡೆಗಳ ಮೇಲೆ ‘ಗುಪ್ತರೋಗಗಳಿಗೆ ಖಾತ್ರಿ ಚಿಕಿತ್ಸೆ’ ಎಂದು ಬರೆಯಿಸಿರುವವರ ಬಳಿಗೆ. ಅಲ್ಲಿ ಹಣವೂ ಕಳೆಯುತ್ತದೆ, ಅದಕ್ಕಿಂತ ಬೆಲೆಯುಳ್ಳ ಕಾಲವೂ ಕಳೆಯುತ್ತದೆ.

ನೋವು ಬಿಟ್ಟುಬಿಟ್ಟಾದರೂ ಸರಿ, ಒಂದೇ ಸಮನೆಯಾದರೂ ಸರಿ, ಮೂರು ತಿಂಗಳಿಗೂ ಮಿಕ್ಕಿ ಇದ್ದು, ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗುವಂತಿದ್ದರೆ ಅದನ್ನು ವೈದ್ಯರು ದೀರ್ಘಕಾಲದ ವೃಷಣಶೂಲೆ ಎಂದು ಪರಿಗಣಿಸುತ್ತಾರೆ. ಒಂದು ಬದಿಯಲ್ಲಿರಬಹುದು, ಎರಡೂ ಬದಿಯಲ್ಲಿರಬಹುದು. ಇದು ಒಂದು ರೋಗದ ಹೆಸರಲ್ಲವೆಂಬುದನ್ನು ವಾಚಕರು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹೊಟ್ಟೆನೋವೆಂಬುದು ಹೇಗೆ ನೂರೆಂಟು ಕಾರಣಗಳಿಂದ ಬರಬಹುದೋ ಇದೂ ಹಾಗೆಯೇ. ಆದುದರಿಂದ ‘ಇದಕ್ಕೆ ಔಷಧಿ ಯಾವುದು?’ ಎಂಬ ಪ್ರಶ್ನೆಗಿಂತ ಮೊದಲು ‘ಇದು ಎಲ್ಲಿಂದ ಬಂದಿತು?’ ಎಂಬ ಪ್ರಶ್ನೆ ಕೇಳಬೇಕಾಗುತ್ತದೆ.

ನಮ್ಮ ಪ್ರಾಚೀನ ವೈದ್ಯರು ಈ ವಿಷಯದಲ್ಲಿ ನಮ್ಮಷ್ಟು ಸಂಕೋಚ ಪಟ್ಟವರಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದ ಹನ್ನೆರಡನೆಯ ಅಧ್ಯಾಯವು ‘ವೃದ್ಧಿ’ ಎಂಬ ಹೆಸರಿನಲ್ಲಿ ವೃಷಣದ ಬಾವುಗಳನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ: ವಾತ, ಪಿತ್ತ, ಕಫ, ರಕ್ತ, ಮೇದಸ್ಸು, ಮೂತ್ರ, ಅಂತ್ರ. ಇವುಗಳಲ್ಲಿ ಮೂತ್ರವೃದ್ಧಿಯೆಂಬುದು ಇಂದಿನವರು ಹೈಡ್ರೋಸಿಲ್ ಎನ್ನುವ ನೀರು ತುಂಬಿದ ಬಾವು. ಅಂತ್ರವೃದ್ಧಿಯೆಂಬುದು ಕರುಳು ಇಳಿದು ಬರುವ ಹರ್ನಿಯಾ. ನೀರು ತುಂಬಿದ ಬಾವಿಗೆ ವ್ರೀಹಿಮುಖವೆಂಬ ಶಸ್ತ್ರದಿಂದ ಚುಚ್ಚಿ, ಎರಡು ಬಾಯಿಯ ನಳಿಕೆಯನ್ನಿಟ್ಟು ನೀರನ್ನು ಹೊರಗೆ ಬಿಡುವ ವಿಧಾನವನ್ನು ಚಿಕಿತ್ಸಾಸ್ಥಾನದಲ್ಲಿ ಹೇಳಲಾಗಿದೆ. ನಮ್ಮ ಜನ ಇವೆಲ್ಲವನ್ನೂ ‘ಅಂಡವಾಯು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿರುವುದು ಸೋಜಿಗವೇ ಸರಿ. ಏಳನ್ನು ಬೇರೆಬೇರೆಯಾಗಿ ಕಂಡವರ ಮಕ್ಕಳು ಏಳನ್ನೂ ಒಂದು ಮಾಡಿಕೊಂಡು ಕುಳಿತೆವು!

ಈ ಅಂಗದ ನೋವು ಏಕೆ ಇಷ್ಟು ತೊಡಕಿನದು ಎಂಬುದನ್ನು ತಿಳಿಯಬೇಕಾದರೆ ಅದು ಹುಟ್ಟಿದ ಸ್ಥಳವನ್ನು ತಿಳಿಯಬೇಕು. ತಾಯಿಯ ಗರ್ಭದಲ್ಲಿ ವೃಷಣಗಳು ಮೂಡುವುದು ಈಗ ಇರುವ ಜಾಗದಲ್ಲಲ್ಲ. ಹೊಟ್ಟೆಯೊಳಗೆ, ಬೆನ್ನಿನ ಕಡೆಗೆ, ಮೂತ್ರಪಿಂಡಗಳ ಸಮೀಪದಲ್ಲಿ. ಹೆರಿಗೆಗೆ ಒಂದೆರಡು ತಿಂಗಳಿರುವಾಗ ತೊಡೆಸಂದಿನ ಕಾಲುವೆಯ ಮೂಲಕ ಇಳಿದು ಬಂದು ಚೀಲದೊಳಗೆ ಸೇರುತ್ತವೆ. ಬರುವಾಗ ತಮ್ಮ ರಕ್ತನಾಳಗಳನ್ನೂ ನರಗಳನ್ನೂ ಎಳೆದುಕೊಂಡೇ ಬರುತ್ತವೆ. ತವರು ಬಿಟ್ಟು ಬಂದ ಮಗಳಿಗೆ ತವರಿನ ಸುದ್ದಿ ತಪ್ಪದೆ ಮುಟ್ಟುವಂತೆ, ಮೂತ್ರಪಿಂಡದಲ್ಲಿ ಏನಾದರೂ ಆದರೆ ವೃಷಣದಲ್ಲಿ ನೋವು ಕಾಣಿಸಿಕೊಳ್ಳುವುದು ಇದೇ ಕಾರಣದಿಂದ. ನೋವಿರುವ ಜಾಗವೇ ರೋಗವಿರುವ ಜಾಗವೆಂದು ಇಲ್ಲಿ ನಂಬುವಂತಿಲ್ಲ.

ನಮಗೆ ಪರಿಚಿತರಾದ ಒಬ್ಬ ಲಾರಿ ಚಾಲಕರು ಬಲಗಡೆಯ ವೃಷಣದ ನೋವಿನಿಂದ ಎರಡು ವರ್ಷ ಬಳಲಿದರು. ಊರೂರಿನ ಔಷಧಿಗಳಾದವು. ತಾನು ಹಿಂದೆ ಮಾಡಿದ ಯಾವುದೋ ತಪ್ಪಿಗೆ ಇದು ಫಲವೆಂದು ನಂಬಿ, ಸಂಸಾರದಿಂದಲೇ ದೂರ ಸರಿದು, ಹೊರಗಿನ ಪಡಸಾಲೆಯಲ್ಲಿ ಮಲಗತೊಡಗಿದರು. ಹೆಂಡತಿಯು ಬೇರೆ ಏನನ್ನೋ ಊಹಿಸಿಕೊಂಡು ತವರಿಗೆ ಹೊರಟು ನಿಂತಿದ್ದರು. ಕೊನೆಗೆ ಒಬ್ಬ ವೈದ್ಯರು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಮೂತ್ರನಾಳದ ಕೆಳಭಾಗದಲ್ಲಿ ಸಿಕ್ಕಿಕೊಂಡಿದ್ದ ಕಲ್ಲು ಕಂಡಿತು. ಕಲ್ಲು ತೆಗೆದ ಮೇಲೆ ನೋವು ನಿಂತಿತು. ವೃಷಣಕ್ಕೆ ಯಾವ ರೋಗವೂ ಇರಲಿಲ್ಲ. ಬಿಸಿಲಿನಲ್ಲಿ ದಿನವೆಲ್ಲ ದುಡಿದು ಸಾಕಷ್ಟು ನೀರು ಕುಡಿಯದವರಲ್ಲಿ ಮೂತ್ರದ ಕಲ್ಲು ಹೆಚ್ಚೆಂಬುದು ಎಲ್ಲರಿಗೂ ತಿಳಿದ ವಿಷಯ. ಅದು ಹೀಗೆ ಬೇರೆ ವೇಷದಲ್ಲಿ ಬರಬಹುದೆಂಬುದು ಮಾತ್ರ ಹೆಚ್ಚಿನವರಿಗೆ ತಿಳಿಯದು. ಬೆನ್ನೆಲುಬಿನ ಕೆಳಭಾಗದಲ್ಲಿ ನರವು ಅದುಮಲ್ಪಟ್ಟಾಗಲೂ, ಸೊಂಟದ ಕೀಲು ಸವೆದಾಗಲೂ ನೋವು ಇದೇ ದಾರಿಯನ್ನು ಹಿಡಿಯುವುದುಂಟು.

ಎಡಗಡೆಯ ಭಾರ

ಸಾಯಂಕಾಲದ ಹೊತ್ತಿಗೆ ಎಡಗಡೆಯ ವೃಷಣವು ಕೆಳಕ್ಕೆ ಜಗ್ಗಿದಂತೆ, ಭಾರ ಕಟ್ಟಿದಂತೆ ನೋಯುವುದು, ರಾತ್ರಿ ಮಲಗಿದ ಮೇಲೆ ಹಗುರವಾಗುವುದು: ಹೀಗೆ ಹೇಳುವವರಲ್ಲಿ ವೈದ್ಯರು ಮೊದಲು ನೋಡುವುದು ವೇರಿಕೋಸಿಲ್ ಇದೆಯೇ ಎಂದು. ವೃಷಣದಿಂದ ಅಶುದ್ಧ ರಕ್ತವನ್ನು ಮೇಲಕ್ಕೊಯ್ಯುವ ಸಿರೆಗಳು ಉಬ್ಬಿ, ಸುರುಳಿಗೊಂಡು, ಕೈಗೆ ಎರೆಹುಳುಗಳ ಗಂಟಿನಂತೆ ಸಿಕ್ಕುವ ಸ್ಥಿತಿಯಿದು. ಎಡಗಡೆಯಲ್ಲೇ ಏಕೆ ಹೆಚ್ಚೆಂದರೆ, ಬಲಗಡೆಯ ಸಿರೆಯು ಓರೆಯಾಗಿ ಹೋಗಿ ದೊಡ್ಡ ಮಹಾಸಿರೆಯನ್ನೇ ಸೇರುತ್ತದೆ. ಎಡಗಡೆಯದು ಇನ್ನೂ ಮೇಲಕ್ಕೆ ಏರಿ, ಎಡ ಮೂತ್ರಪಿಂಡದ ಸಿರೆಯನ್ನು ನೇರ ಮೂಲೆಯಲ್ಲಿ ಸೇರುತ್ತದೆ. ಕಾಲುವೆಯ ನೀರು ನೇರ ತಿರುವಿನಲ್ಲಿ ಹಿಂದಕ್ಕೆ ಒತ್ತುವುದನ್ನು ಕಂಡ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಳಗಿನ ಕವಾಟಗಳು ಸಡಿಲವಾದರೆ ರಕ್ತವು ಕೆಳಗೇ ನಿಲ್ಲುತ್ತದೆ.

ನೂರು ಪುರುಷರಲ್ಲಿ ಸುಮಾರು ಹದಿನೈದು ಜನರಿಗೆ ಈ ಉಬ್ಬುಸಿರೆ ಇರುತ್ತದೆ. ಅವರಲ್ಲಿ ನೋವು ಅನುಭವಿಸುವವರು ಕೆಲವರು ಮಾತ್ರ. ಆದ್ದರಿಂದ ಸ್ಕ್ಯಾನಿಂಗಿನಲ್ಲಿ ಉಬ್ಬುಸಿರೆ ಕಂಡಿತೆಂದ ಮಾತ್ರಕ್ಕೆ ನೋವಿಗೆ ಅದೇ ಕಾರಣವೆಂದು ತೀರ್ಮಾನಿಸಲಾಗದು. ನೋವಿನ ಸ್ವಭಾವ ಹೊಂದಿಕೆಯಾದರೆ ಮಾತ್ರ ಶಸ್ತ್ರಚಿಕಿತ್ಸೆಯ ಮಾತು. ಹಾಗೆ ಆಯ್ದು ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ಬಹುಪಾಲು ಜನರಿಗೆ ಉಪಶಮನ ದೊರೆಯುತ್ತದೆ. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಬಲಗಡೆಯೊಂದರಲ್ಲೇ ಉಬ್ಬುಸಿರೆ ಕಾಣಿಸಿಕೊಂಡರೆ, ನಡುವಯಸ್ಸು ದಾಟಿದವರಲ್ಲಿ ಹಠಾತ್ತನೆ ಬಂದರೆ, ಅಥವಾ ಮಲಗಿದಾಗಲೂ ಇಳಿಯದಿದ್ದರೆ, ಮೂತ್ರಪಿಂಡದಲ್ಲಿ ಗಡ್ಡೆಯೇನಾದರೂ ಸಿರೆಯನ್ನು ಅದುಮಿದೆಯೇ ಎಂದು ನೋಡಲೇಬೇಕು.

ನೀರಿನ ಬಾವು ಮತ್ತು ಸೊಳ್ಳೆ

ಕಲಬುರಗಿ, ಬೀದರ, ಯಾದಗಿರಿಯ ಕಡೆಯ ಹಳ್ಳಿಗಳಲ್ಲೂ, ಕರಾವಳಿಯ ಕಡೆಯಲ್ಲೂ ಆನೆಕಾಲು ರೋಗ ಇಂದಿಗೂ ಪೂರ್ತಿ ಅಳಿದಿಲ್ಲ. ಆನೆಕಾಲೆಂದರೆ ಎಲ್ಲರ ಕಣ್ಣಿಗೆ ಬೀಳುವುದು ಕಾಲು. ಪುರುಷರಲ್ಲಿ ಆ ಹುಳು ಮನೆಮಾಡಿಕೊಳ್ಳಲು ಬಹಳ ಮೆಚ್ಚುವ ಸ್ಥಳ ಬೇರೆಯೇ ಇದೆ: ವೃಷಣಕ್ಕೆ ಹೋಗುವ ಹುರಿಯಲ್ಲಿರುವ ದುಗ್ಧರಸ ನಾಳಗಳು. ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯ ಕಡಿತದಿಂದ ಒಳಸೇರಿದ ಹುಳು ಅಲ್ಲಿ ವರ್ಷಗಟ್ಟಲೆ ಬದುಕುತ್ತದೆ. ನುರಿತ ವೈದ್ಯರು ಸ್ಕ್ಯಾನಿಂಗ್ ಮಾಡುವಾಗ ಜೀವಂತ ಹುಳುಗಳು ಒಳಗೆ ಹೊರಳಾಡುವುದನ್ನು ಪರದೆಯ ಮೇಲೆ ಕಾಣುವುದುಂಟು. ವೈದ್ಯಗ್ರಂಥಗಳಲ್ಲಿ ಅದಕ್ಕೆ ‘ಫೈಲೇರಿಯಾ ನೃತ್ಯ’ವೆಂದೇ ಹೆಸರಿದೆ. ಹುಳು ಸತ್ತಾಗ ಸುತ್ತಲೂ ಉರಿಯೂತವೆದ್ದು ಜ್ವರ, ನೋವು ಬರುತ್ತವೆ. ಕೆಲವು ದಿನಕ್ಕೆ ಇಳಿಯುತ್ತದೆ, ತಿಂಗಳು ಬಿಟ್ಟು ಮತ್ತೆ ಬರುತ್ತದೆ. ಹೀಗೆ ಬಂದು ಹೋಗಿ, ಬಂದು ಹೋಗಿ, ಕೊನೆಗೆ ಚೀಲದಲ್ಲಿ ನೀರು ನಿಲ್ಲುತ್ತದೆ.

ನೀರಿನ ಬಾವು ಸಾಮಾನ್ಯವಾಗಿ ತೀವ್ರವಾಗಿ ನೋಯುವುದಿಲ್ಲ. ಭಾರದಿಂದ ಜಗ್ಗುತ್ತದೆ, ನಡೆಯುವಾಗ ತೊಡೆಗೆ ಉಜ್ಜುತ್ತದೆ, ಹೊಲದ ಕೆಲಸಕ್ಕೆ ಬಾಗಲು ಬಿಡುವುದಿಲ್ಲ. ಕತ್ತಲೆ ಕೋಣೆಯಲ್ಲಿ ಬ್ಯಾಟರಿ ಹಿಡಿದರೆ ಬೆಳಕು ಆಚೆಗೆ ಹಾಯ್ದು ಕೆಂಪಗೆ ಹೊಳೆಯುವುದು ಇದರ ಗುರುತು. ಆದರೂ ಒಳಗಿನ ವೃಷಣ ಹೇಗಿದೆಯೆಂಬುದನ್ನು ಸ್ಕ್ಯಾನಿಂಗ್ ಮಾತ್ರವೇ ಹೇಳಬಲ್ಲದು. ಸೂಜಿಯಿಂದ ನೀರು ತೆಗೆಸಿದರೆ ಮತ್ತೆ ತುಂಬಿಕೊಳ್ಳುತ್ತದೆ. ನೀರನ್ನು ಸುರಿಸುವ ಪೊರೆಯನ್ನೇ ಮಗುಚಿ ಹೊಲಿಯುವ ಸಣ್ಣ ಶಸ್ತ್ರಕ್ರಿಯೆಯೇ ಸರಿಯಾದ ಪರಿಹಾರ. ರೋಗದ ಹರಡುವಿಕೆಯನ್ನು ತಡೆಯಲು ಸರಕಾರದವರು 2004ರಿಂದ ಈ ಜಿಲ್ಲೆಗಳಲ್ಲಿ ಮನೆಮನೆಗೆ ಬಂದು ಮಾತ್ರೆ ನುಂಗಿಸುವ ಕಾರ್ಯಕ್ರಮವನ್ನು ನಡೆಸಿದ್ದಾರೆ; 2027ರೊಳಗೆ ದೇಶದಿಂದ ಈ ರೋಗವನ್ನು ತೊಲಗಿಸಬೇಕೆಂಬ ಗುರಿಯಿದೆ. ಮಾತ್ರೆಯನ್ನು ಕೈಯಲ್ಲಿ ಇಸಿದುಕೊಂಡು, ಅವರು ಹೋದ ಮೇಲೆ ಗೂಡಿನಲ್ಲಿಟ್ಟು ಮರೆಯುವ ಮನೆಗಳನ್ನು ನಾವು ಕಂಡಿದ್ದೇವೆ. ಕಾಲು ಚೆನ್ನಾಗಿದೆಯಲ್ಲ, ನಮಗೇಕೆ ಎಂಬುದು ಅವರ ವಾದ. ರಕ್ತದಲ್ಲಿ ಮರಿಹುಳುಗಳಿದ್ದರೂ ಮೈಯಲ್ಲಿ ಯಾವ ಚಿಹ್ನೆಯೂ ಇಲ್ಲದವರು ಅನೇಕರಿರುತ್ತಾರೆ; ಮಾತ್ರೆ ಇರುವುದು ಅವರಿಗಾಗಿಯೇ.

ಇನ್ನು ಸೋಂಕಿನ ಮಾತು. ವೃಷಣದ ಹಿಂಬದಿಗೆ ಅಂಟಿಕೊಂಡು ಎಪಿಡಿಡಿಮಿಸ್ ಎಂಬ ನಾಳದ ಸುರುಳಿ ಇದೆ. ಬೆರಳಿನಷ್ಟೇ ಉದ್ದವಾಗಿ ಕಂಡರೂ ಬಿಚ್ಚಿ ಹಾಸಿದರೆ ಸುಮಾರು ಇಪ್ಪತ್ತು ಅಡಿಯಾಗುತ್ತದೆ. ಮೂತ್ರಮಾರ್ಗದ ಸೋಂಕು ಹಿಂದಕ್ಕೆ ಹರಿದು ಇಲ್ಲಿ ನೆಲೆಯೂರಿದರೆ ನೋವು ಬೇಗ ಬಿಡದು. ತರುಣರಲ್ಲಿ ಲೈಂಗಿಕ ಸಂಪರ್ಕದಿಂದ ಬರುವ ಸೋಂಕುಗಳೂ, ವಯಸ್ಸಾದವರಲ್ಲಿ ಪ್ರಾಸ್ಟೇಟ್ ಗ್ರಂಥಿ ಬೆಳೆದು ಮೂತ್ರ ಪೂರ್ತಿ ಹೋಗದೆ ಉಳಿಯುವುದರಿಂದಾಗುವ ಸೋಂಕುಗಳೂ ಹೆಚ್ಚು. ನಮ್ಮ ದೇಶದಲ್ಲಿ ಎರಡು ರೋಗಗಳನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಒಂದು ಕ್ಷಯ. ಕೆಮ್ಮಿಲ್ಲದೆ, ಕಫವಿಲ್ಲದೆ, ಈ ಸುರುಳಿಯಲ್ಲೇ ಗಂಟುಗಂಟಾಗಿ ಕ್ಷಯವು ಬೇರೂರುವುದುಂಟು. ಸಾಮಾನ್ಯ ಔಷಧಿಗಳಿಗೆ ಜಗ್ಗದ ಗಂಟು, ಚೀಲದ ಹಿಂಬದಿಯಲ್ಲಿ ಒಡೆದು ಸೋರುವ ಹುಣ್ಣು ಇದ್ದರೆ ಆ ದಿಕ್ಕಿನಲ್ಲಿ ಪರೀಕ್ಷೆಯಾಗಬೇಕು. ಚಿಕಿತ್ಸೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯುತ್ತದೆ. ಇನ್ನೊಂದು, ದನಕರು, ಕುರಿಗಳಿರುವ ಮನೆಗಳವರು ಅರಿಯಬೇಕಾದ ಬ್ರುಸೆಲ್ಲೋಸಿಸ್. ದನಗಳಲ್ಲಿ ಇದನ್ನೇ ಕಂದು ಹಾಕುವ ರೋಗವೆನ್ನುತ್ತಾರೆ. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಿಂದ ತೆಗೆದವರಿಗೆ, ಹಸಿ ಹಾಲು ಕುಡಿದವರಿಗೆ ಇದು ಅಂಟುತ್ತದೆ. ಏರಿಳಿಯುವ ಜ್ವರ, ಬೆವರು, ಕೀಲುನೋವುಗಳೊಡನೆ ವೃಷಣವೂ ಬಾತು ನೋಯಬಹುದು. ವೈದ್ಯರ ಬಳಿ ಹೋದಾಗ ‘ಕೊಟ್ಟಿಗೆಯಲ್ಲಿ ಕಂದು ಹಾಕಿದ ಹಸುವಿದೆ’ ಎಂಬ ಒಂದು ಮಾತನ್ನು ಹೇಳಿದರೆ ಎಷ್ಟೋ ತಿಂಗಳ ಅಲೆದಾಟ ತಪ್ಪೀತು.

ಶಸ್ತ್ರಚಿಕಿತ್ಸೆಯ ನಂತರ ಉಳಿಯುವ ನೋವು ಬೇರೊಂದು ಬಗೆಯದು. ಹರ್ನಿಯಾ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ನೂರಕ್ಕೆ ಸುಮಾರು ಹತ್ತು ಜನರಿಗೆ ತೊಡೆಸಂದಿನಲ್ಲಿ ಬಹುಕಾಲ ನೋವು ಉಳಿಯುತ್ತದೆ. ಆ ದಾರಿಯಲ್ಲಿ ಹಾಯ್ದು ಹೋಗುವ ನರಗಳು ಗಾಯದ ಕಲೆಯಲ್ಲಿ ಸಿಕ್ಕಿಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣ. ಪುರುಷ ಸಂತಾನಶಕ್ತಿಹರಣ ಚಿಕಿತ್ಸೆಯಾದವರಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ತೊಂದರೆ ಕೊಡುವಷ್ಟು ನೋವು ಉಳಿಯಬಹುದು. ಇದನ್ನು ಓದಿ ಯಾರೂ ಹೆದರಿ ಹಿಂದೆಗೆಯಬಾರದೆಂದು ಕೋರುತ್ತೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 37.9 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರೆ, ಗಂಡನು ಮಾಡಿಸಿಕೊಂಡಿರುವುದು ನೂರಕ್ಕೆ 0.3 ಮಾತ್ರ. ಹೊಟ್ಟೆ ಕೊಯ್ಯಿಸಿಕೊಳ್ಳುವ ಕಷ್ಟವನ್ನು ಹೆಂಡತಿಗೇ ಬಿಟ್ಟು, ಹತ್ತು ನಿಮಿಷಗಳ ಚಿಕಿತ್ಸೆಗೆ ಅಂಜುವ ಗಂಡಸರಿಗೆ ಈ ಲೇಖನ ನೆಪವಾಗುವುದು ನಮಗೆ ಇಷ್ಟವಿಲ್ಲ.

ಕುಳಿತು ಮಾಡುವ ಕಸುಬಿನವರ ವಿಷಯವನ್ನೂ ಹೇಳಬೇಕು. ಬಸ್ಸು, ಲಾರಿಗಳ ಚಾಲಕರು, ಮಗ್ಗದವರು, ಗಣಕಯಂತ್ರದ ಮುಂದೆ ಹತ್ತು ತಾಸು ಕಳೆಯುವ ಇಂದಿನ ತರುಣರು ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ತಮಗರಿವಿಲ್ಲದೆ ಬಿಗಿಹಿಡಿದುಕೊಂಡಿರುತ್ತಾರೆ. ಮಲಬದ್ಧತೆಯಿಂದ ಮುಕ್ಕುವುದೂ, ಮನಸ್ಸಿನ ಉದ್ವೇಗವೂ ಈ ಬಿಗಿತವನ್ನು ಹೆಚ್ಚಿಸುತ್ತವೆ. ಆಗ ನೋವು ವೃಷಣದಲ್ಲಿ, ಆಸನದ ಸುತ್ತ, ಮೂತ್ರದ ಕೊನೆಯಲ್ಲಿ ಅಲೆದಾಡುತ್ತದೆ. ಸ್ಕ್ಯಾನಿಂಗಿನಲ್ಲಿ ಏನೂ ಕಾಣದು, ಮೂತ್ರಪರೀಕ್ಷೆಯಲ್ಲಿ ಏನೂ ಸಿಗದು. ಇಂಥವರಿಗೆ ಮೇಲಿಂದ ಮೇಲೆ ಆಂಟಿಬಯಾಟಿಕ್ ಔಷಧಿ ಕೊಡುವುದರಿಂದ ಲಾಭವಿಲ್ಲ. ಆ ಸ್ನಾಯುಗಳನ್ನು ಸಡಿಲಿಸಲು ಕಲಿಸುವ ಫಿಜಿಯೋಥೆರಪಿ, ತಾಸಿಗೊಮ್ಮೆ ಎದ್ದು ನಡೆಯುವುದು, ನಾರಿನ ಅಂಶವುಳ್ಳ ಆಹಾರ, ಉಗುರುಬೆಚ್ಚಗಿನ ನೀರಿನಲ್ಲಿ ಕುಳಿತುಕೊಳ್ಳುವುದು ಇವು ಹೆಚ್ಚಿನ ಗುಣ ಕೊಡುತ್ತವೆ. ನಮ್ಮ ಹಿರಿಯರ ಲಂಗೋಟಿಯನ್ನು ನೋಡಿ ನಗುವ ಕಾಲವಿದು. ವೃಷಣದ ನೋವಿರುವವರಿಗೆ ಇಂದಿನ ವೈದ್ಯರು ಮೊದಲು ಹೇಳುವ ಮಾತೇ ಕೆಳಗಿನಿಂದ ಆಧಾರ ಕೊಡುವ ಒಳ ಉಡುಪು ಧರಿಸಿರೆಂದು.

ಧಾತುನಷ್ಟದಿಂದ ಈ ನೋವು ಬರುತ್ತದೆಂಬ ನಂಬಿಕೆ ನಮ್ಮ ತರುಣರನ್ನು ಬಹಳ ಹಿಂಸಿಸುತ್ತಿದೆ. ಗೋಡೆಬರಹದ ವೈದ್ಯರ ವ್ಯಾಪಾರ ನಡೆಯುವುದೂ ಇದರಿಂದಲೇ. ಸ್ವಪ್ನಸ್ಖಲನದಿಂದಾಗಲೀ ಅಂತಹ ಬೇರೆ ಯಾವುದರಿಂದಲಾಗಲೀ ವೃಷಣ ಸೊರಗಿ ನೋಯುತ್ತದೆಂಬುದಕ್ಕೆ ಆಧಾರವಿಲ್ಲ. ಸಂಯಮವನ್ನು ಬೋಧಿಸುವವರು ಸಂಯಮಕ್ಕಾಗಿಯೇ ಬೋಧಿಸಲಿ. ಇಲ್ಲದ ರೋಗದ ಭಯವನ್ನು ಹುಟ್ಟಿಸಿ ಬೋಧಿಸುವುದು ತರವಲ್ಲ.

ತಡಮಾಡಬಾರದ ಸಂದರ್ಭಗಳು

ತಾಯಂದಿರು ಇದನ್ನು ಗಮನವಿಟ್ಟು ಓದಬೇಕು. ಹನ್ನೆರಡರಿಂದ ಹದಿನೆಂಟು ವಯಸ್ಸಿನ ಹುಡುಗನು ಇದ್ದಕ್ಕಿದ್ದಂತೆ ಹೊಟ್ಟೆನೋವೆಂದು ನರಳಿ, ವಾಂತಿ ಮಾಡಿಕೊಂಡರೆ, ನಿಜವಾಗಿ ನೋಯುತ್ತಿರುವುದು ವೃಷಣವಾಗಿದ್ದು ಅವನು ನಾಚಿಕೆಯಿಂದ ಹೇಳದೆ ಇರಬಹುದು. ವೃಷಣವು ತನ್ನ ಹುರಿಯ ಮೇಲೆ ತಾನೇ ನುಲಿದುಕೊಂಡು ರಕ್ತ ಸಂಚಾರ ನಿಂತುಹೋಗುವ ಸ್ಥಿತಿ ಅದು. ಆರು ತಾಸಿನೊಳಗೆ ಬಿಡಿಸಿದರೆ ಉಳಿಯುವ ಸಂಭವ ಬಹಳ ಹೆಚ್ಚು; ಬೆಳಗಾಗಲೆಂದು ಕಾದರೆ ಅಂಗವೇ ಹೋಗುತ್ತದೆ. ಕೆಲವರಲ್ಲಿ ನುಲಿದು ತಾನಾಗಿ ಬಿಚ್ಚಿಕೊಂಡು, ಹಲವು ಸಲ ಹೀಗೆ ಬಂದು ಹೋಗುವ ನೋವಾಗಿಯೂ ಕಾಣಿಸಿಕೊಳ್ಳುತ್ತದೆ. ಬಂದದ್ದು ಹೋಯಿತೆಂದು ಸುಮ್ಮನಾಗದೆ ತೋರಿಸಬೇಕು.

ಗಡ್ಡೆಯ ವಿಚಾರ ಇದಕ್ಕೆ ತದ್ವಿರುದ್ಧ. ವೃಷಣದ ಕ್ಯಾನ್ಸರ್ ಹದಿನೈದರಿಂದ ನಲವತ್ತರ ನಡುವಿನವರಲ್ಲೇ ಹೆಚ್ಚಾಗಿ ಬರುವಂಥದು. ಅದು ಸಾಮಾನ್ಯವಾಗಿ ನೋಯುವುದೇ ಇಲ್ಲ. ಗಟ್ಟಿಯಾದ ಗಂಟು, ಬರಬರುತ್ತಾ ಹೆಚ್ಚುವ ಭಾರ, ಕೆಲವರಲ್ಲಿ ಮಂದವಾದ ನೋವು. ಬೇಗ ಕಂಡುಹಿಡಿದರೆ ಪೂರ್ತಿ ಗುಣವಾಗುವ ಕ್ಯಾನ್ಸರುಗಳಲ್ಲಿ ಇದೂ ಒಂದು. ಇಂಥದಕ್ಕೆ ಯುವಕನೊಬ್ಬನು ಪ್ರಾಣ ಕೊಟ್ಟರೆ ಅದು ರೋಗಕ್ಕಿಂತಲೂ ನಾಚಿಕೆಗೆ ಕೊಟ್ಟ ಬಲಿ. ಮಧುಮೇಹವಿರುವವರಿಗೆ ಇನ್ನೊಂದು ಮಾತು: ಚೀಲದ ಚರ್ಮ ಕೆಂಪಾಗಿ ಅಥವಾ ಕಪ್ಪಾಗಿ, ದುರ್ನಾತದೊಡನೆ ಬಾತು ಜ್ವರ ಬಂದರೆ ಅದು ಗಂಟೆಗಳ ಲೆಕ್ಕದ ಆಪತ್ತು, ನೇರವಾಗಿ ದೊಡ್ಡಾಸ್ಪತ್ರೆಗೇ ಹೋಗಬೇಕು.

ಇಷ್ಟೆಲ್ಲ ಹುಡುಕಿದ ಮೇಲೂ ನಾಲ್ವರಲ್ಲಿ ಒಬ್ಬರಿಗೆ, ಕೆಲವು ಕಡೆಯ ಲೆಕ್ಕದಲ್ಲಿ ಇನ್ನೂ ಹೆಚ್ಚಿನವರಿಗೆ, ಕಾರಣ ಸಿಗುವುದಿಲ್ಲ. ಇಂತಹ ರೋಗಿಗಳನ್ನು ಲಂಡನ್ನಿನ ಶಸ್ತ್ರವೈದ್ಯ ಸರ್ ಆ್ಯಸ್ಟ್ಲಿ ಕೂಪರ್ 1830ರಲ್ಲಿಯೇ ತನ್ನ ಗ್ರಂಥದಲ್ಲಿ ವರ್ಣಿಸಿ, ಆ ಸ್ಥಿತಿಯನ್ನು ‘ಕೆರಳಿದ ವೃಷಣ’ವೆಂದು ಕರೆದನು. ಕಾರಣ ಸಿಗಲಿಲ್ಲವೆಂದರೆ ನೋವು ಸುಳ್ಳೆಂದು ಅರ್ಥವಲ್ಲ. ಬಹುಕಾಲ ನೋವನ್ನು ಹೊತ್ತ ನರಗಳು, ಮೂಲಕಾರಣ ಹೋದ ಮೇಲೂ ಅದೇ ಸುದ್ದಿಯನ್ನು ಮಿದುಳಿಗೆ ಕಳಿಸುತ್ತಲೇ ಇರುತ್ತವೆ. ಇಂಥವರಿಗೆ ನರಗಳನ್ನು ಶಾಂತಗೊಳಿಸುವ ಔಷಧಿಗಳುಂಟು. ಅವುಗಳಲ್ಲಿ ಕೆಲವನ್ನು ಮನೋರೋಗಕ್ಕೂ ಕೊಡುವುದರಿಂದ, ‘ನನ್ನನ್ನು ಹುಚ್ಚನೆಂದು ತಿಳಿದರು’ ಎಂದು ಚೀಟಿ ಹರಿದು ಹಾಕುವವರಿದ್ದಾರೆ. ಅದು ಸಲ್ಲದು, ನೋವಿಗೆ ಕೊಡುವಾಗ ಸಾಮಾನ್ಯವಾಗಿ ಕಡಮೆ ಪ್ರಮಾಣದಲ್ಲಿ ಆರಂಭಿಸಿ, ಕೆಲವು ವಾರ ಕಾದು ನೋಡುತ್ತಾರೆ. ಔಷಧಿಗೂ ಬಗ್ಗದಿದ್ದರೆ ತೊಡೆಸಂದಿನ ಹುರಿಯ ಸುತ್ತ ಮರವಳಿಕೆಯ ಚುಚ್ಚುಮದ್ದನ್ನು ಕೊಟ್ಟು ಪರೀಕ್ಷಿಸುತ್ತಾರೆ. ಅದರಿಂದ ನೋವು ತಾತ್ಕಾಲಿಕವಾಗಿಯಾದರೂ ಅಡಗಿದರೆ, ಸೂಕ್ಷ್ಮದರ್ಶಕದ ನೆರವಿನಿಂದ ಆ ನರಗಳನ್ನಷ್ಟೇ ಕತ್ತರಿಸುವ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ನಿರೀಕ್ಷೆಯಿದೆ. ವೃಷಣವನ್ನೇ ತೆಗೆಸಿಬಿಡುವುದು ಎಲ್ಲಕ್ಕೂ ಕೊನೆಯ ಮಾರ್ಗ; ತೆಗೆಸಿದ ಮೇಲೂ ನೋವು ಉಳಿದವರಿದ್ದಾರೆ. ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿಯಾಗುತ್ತದೆ.

ವೈದ್ಯರ ಬಳಿಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಬೇಕೆಂಬುದು ನಮ್ಮ ಸಲಹೆ. ಬಾಯಿಂದ ಬಾರದ ಮಾತು ಬರಹದಲ್ಲಿ ಬಂದೀತು. ನೋವು ಯಾವಾಗ ಆರಂಭವಾಯಿತು, ಯಾವ ಬದಿ, ನಿಂತಾಗ ಹೆಚ್ಚೋ ಕುಳಿತಾಗ ಹೆಚ್ಚೋ, ಮಲಗಿದರೆ ಇಳಿಯುತ್ತದೆಯೋ, ಮೂತ್ರದಲ್ಲಿ ಉರಿ ಅಥವಾ ರಕ್ತವಿದೆಯೋ, ಹಿಂದೆ ಪೆಟ್ಟು ಬಿದ್ದಿತ್ತೋ, ಹರ್ನಿಯಾ ಮುಂತಾದ ಶಸ್ತ್ರಚಿಕಿತ್ಸೆ ಯಾವ ವರ್ಷ ಆಯಿತು, ಬೆನ್ನುನೋವು, ಮಧುಮೇಹ, ಕ್ಷಯ ಮನೆಯಲ್ಲಿ ಯಾರಿಗಾದರೂ ಇದೆಯೋ, ಇದುವರೆಗೆ ಯಾವ ಯಾವ ಔಷಧಿ ತೆಗೆದುಕೊಂಡದ್ದಾಯಿತು. ಮೂತ್ರಾಂಗಗಳ ಶಸ್ತ್ರವೈದ್ಯರನ್ನು ಯುರಾಲಜಿಸ್ಟ್ ಎನ್ನುತ್ತಾರೆ. ಅವರು ಹತ್ತಿರದಲ್ಲಿ ಇಲ್ಲದ ಊರುಗಳವರು ತಾಲ್ಲೂಕು ಆಸ್ಪತ್ರೆಯ ಶಸ್ತ್ರವೈದ್ಯರಿಗೆ ಮೊದಲು ತೋರಿಸಿದರೂ ಸಾಕು. ನಿಲ್ಲಿಸಿಯೂ ಮಲಗಿಸಿಯೂ ಕೈಯಿಂದ ಮುಟ್ಟಿ ನೋಡುವುದು, ಮೂತ್ರಪರೀಕ್ಷೆ, ಒಂದು ಸ್ಕ್ಯಾನಿಂಗ್, ಇವಿಷ್ಟರಿಂದಲೇ ಮುಂದಿನ ದಾರಿ ಬಹುಮಟ್ಟಿಗೆ ಗೊತ್ತಾಗುತ್ತದೆ. ಹೋಗುವಾಗ ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಎಷ್ಟು ರಾತ್ರಿ ನಿದ್ದೆಯಿಲ್ಲದೆ ಹೊರಳಾಡಿದಿರೆಂಬುದನ್ನು ವೈದ್ಯರಿಗೆ ಸರಿಯಾಗಿ ಹೇಳಬಲ್ಲವರು ಅವರೇ.